ಒಂದೇ ಸ್ಕ್ರೂ, ಹತ್ತು ಗುಂಡು, ಮೂವರು ಅಣ್ಣತಮ್ಮಂದಿರು

ಇಡೀ ಪಿಸ್ತೂಲಿನಲ್ಲಿ ಇರುವುದು ಒಂದೇ ಒಂದು ಸ್ಕ್ರೂ. ಹೌದು, ಒಂದೇ! ಅದಾದರೂ ಎಲ್ಲಿ? ಹಿಡಿಯ ಎಡಬಲಕ್ಕಿರುವ ಮರದ ಹಲಗೆಗಳನ್ನು ಬಿಗಿಯುವ ಜಾಗದಲ್ಲಿ. ಗುಂಡು ಹಾರಿಸುವ ಕೆಲಸಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಉಳಿದದ್ದೆಲ್ಲ ಒಂದರೊಳಗೊಂದು ಜಾರಿಸಿ, ಸಿಕ್ಕಿಸಿ, ಸ್ವಲ್ಪ ತಿರುಗಿಸಿ ಕೂರಿಸಿದ ಉಕ್ಕಿನ ತುಂಡುಗಳು. ಇದು ಅದನ್ನು ಹಿಡಿದಿದೆ, ಅದು ಇನ್ನೊಂದನ್ನು ಹಿಡಿದಿದೆ, ಆ ಇನ್ನೊಂದು ತಿರುಗಿ ಇದನ್ನೇ ಹಿಡಿದಿದೆ! ಸರಿಯಾದ ಕ್ರಮ ಗೊತ್ತಿದ್ದವನ ಕೈಯಲ್ಲಿ ಸ್ಕ್ರೂಡ್ರೈವರ್ ಇಲ್ಲದೆಯೇ ಎಲ್ಲ ಬಿಚ್ಚಿಕೊಳ್ಳುತ್ತದೆ. ಗೊತ್ತಿಲ್ಲದವನು ದಿನವಿಡೀ ತಿಣುಕಿದರೂ ಒಂದು ತುಂಡು ಅಲ್ಲಾಡುವುದಿಲ್ಲ.

ಕಂಪ್ಯೂಟರ್ ಇಲ್ಲ, ಕ್ಯಾಡ್ ಇಲ್ಲ. ಕಾಗದ, ಪೆನ್ಸಿಲ್, ಅರ, ಮಿಲ್ಲಿಂಗ್ ಯಂತ್ರ, ಅಷ್ಟೇ. ಕಾಲ 1895. ಜಗತ್ತು ಇದನ್ನು ಮೌಸರ್ ಪಿಸ್ತೂಲು ಎಂದಿತು. ಪುಸ್ತಕಗಳಲ್ಲಿ ಇದರ ಹೆಸರು ಸಿ96.

ನೋಡುವುದಕ್ಕೆ ವಿಚಿತ್ರ ಪ್ರಾಣಿ. ಉದ್ದನೆಯ ಸಪೂರ ನಳಿಗೆ. ಟ್ರಿಗರಿನ ಮುಂದೆ ನೇತಾಡುವ ಚೌಕನೆಯ ಪೆಟ್ಟಿಗೆ. ಹತ್ತು ತೋಟಾ ಕೂರುವುದು ಅಲ್ಲೇ. ಹಿಂದೆ ದುಂಡಗಿನ ಹಿಡಿ. ಆ ಹಿಡಿಯನ್ನು ನೋಡಿಯೇ ಇಂಗ್ಲಿಷರು ಇದಕ್ಕೆ 'ಬ್ರೂಮ್‌ಹ್ಯಾಂಡಲ್' ಎಂದು ಅಡ್ಡಹೆಸರಿಟ್ಟರು. ತೂಕ ಒಂದು ಕಿಲೋಗಿಂತ ಜಾಸ್ತಿ. ಸುಂದರ ಎನ್ನಲು ಬಾಯಿ ಬರುವುದಿಲ್ಲ, ಆದರೆ ಕಣ್ಣು ಕೀಳಲೂ ಆಗುವುದಿಲ್ಲ.

ಇದು ಎಂಥ ಕಾಲದಲ್ಲಿ ಹುಟ್ಟಿತು ಎನ್ನುವುದು ಗೊತ್ತಾದರೆ ಬೆರಗು ಇಮ್ಮಡಿಯಾಗುತ್ತದೆ. ಕೇಪಿನ ಕೋವಿ ಹೊಡೆದವರಿಗೆ, ಹೊಡೆಯುವುದನ್ನು ಹತ್ತಿರದಿಂದ ಕಂಡವರಿಗೆ ಎರಡು ಸಂಗತಿ ಹೇಳಿಕೊಡಬೇಕಿಲ್ಲ. ಒಂದು, ಹೊಗೆ. ಕರಿಮದ್ದು ಉರಿದ ಮೇಲೆ ಕಣ್ಣೆದುರು ಮೋಡ ಕಟ್ಟುತ್ತದೆ, ನಳಿಗೆಯೊಳಗೆ ಮಸಿ ಮೆತ್ತಿಕೊಳ್ಳುತ್ತದೆ. ಎರಡು, ಒದೆ. ಗುಂಡು ಮುಂದಕ್ಕೆ ಹೋದರೆ ಕೋವಿ ಹಿಂದಕ್ಕೆ ಬಂದು ಭುಜಕ್ಕೆ ಗುದ್ದುತ್ತದೆ. ಐನೂರು ವರ್ಷ ಮನುಷ್ಯ ಆ ಒದೆಯನ್ನು ಸುಮ್ಮನೆ ತಿಂದ. ಅದು ಶಕ್ತಿ, ಅದನ್ನು ಕೆಲಸಕ್ಕೆ ಹಚ್ಚಬಹುದು ಎಂದು ಯಾರಿಗೂ ಗಟ್ಟಿಯಾಗಿ ಹೊಳೆಯಲಿಲ್ಲ. ಹೊಳೆದರೂ ಮಾಡುವಂತಿರಲಿಲ್ಲ, ಏಕೆಂದರೆ ಕರಿಮದ್ದಿನ ಮಸಿಯಲ್ಲಿ ಸೂಕ್ಷ್ಮ ಯಂತ್ರ ನಾಲ್ಕು ಈಡಿಗೇ ಕಚ್ಚಿಕೊಂಡು ನಿಂತುಬಿಡುತ್ತಿತ್ತು.

1884ರಲ್ಲಿ ಎರಡೂ ಗಂಟು ಒಟ್ಟಿಗೆ ಸಡಿಲವಾದವು! ಫ್ರಾನ್ಸಿನಲ್ಲಿ ಪಾಲ್ ವಿಯೇಯ್ ಎಂಬ ರಸಾಯನಶಾಸ್ತ್ರಜ್ಞ ಹೆಚ್ಚುಕಡಿಮೆ ಹೊಗೆಯೇ ಇಲ್ಲದ, ಮಸಿ ಬಿಡದ, ಕರಿಮದ್ದಿಗಿಂತ ಎಷ್ಟೋ ಬಲವಾದ ಮದ್ದು ತಯಾರಿಸಿದ. ಅದೇ ಹೊತ್ತಿಗೆ ಲಂಡನ್ನಿನಲ್ಲಿ ಹೈರಮ್ ಮ್ಯಾಕ್ಸಿಮ್, ಗುಂಡಿನ ಒದೆಯಿಂದಲೇ ಮುಂದಿನ ತೋಟಾ ತುಂಬಿಕೊಳ್ಳುವ ಮೆಷಿನ್ ಗನ್ ಕಟ್ಟಿ ತೋರಿಸಿದ. ಅಲ್ಲಿಂದ ಯುರೋಪಿನ ಕಮ್ಮಟಗಳಲ್ಲಿ ಒಂದೇ ಹುಚ್ಚು: ಇದೇ ಉಪಾಯವನ್ನು ಒಂದು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿ ಮಾಡಬಹುದೆ?

ಮಾಡಿ ಮಾರಾಟದಲ್ಲೂ ಗೆದ್ದ ಮೊದಲಿಗರಲ್ಲಿ ಹ್ಯೂಗೋ ಬೋರ್ಖಾರ್ಟ್ ಮುಖ್ಯನಾದವನು. ಜರ್ಮನಿಯಲ್ಲಿ ಹುಟ್ಟಿ, ಅಮೆರಿಕದ ಪೌರನಾಗಿ, ಮತ್ತೆ ಯುರೋಪಿಗೆ ಬಂದ ಈ ಇಂಜಿನಿಯರ್ 1893ರಲ್ಲಿ ಸ್ವಯಂಭರ್ತಿ ಪಿಸ್ತೂಲೊಂದನ್ನು ಹೊರತಂದ. ತೋಟಾಗಳನ್ನು ಅವನು ಹಿಡಿಯೊಳಗೇ ಇಟ್ಟಿದ್ದ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ. ಆದರೆ ಹಿಂಬದಿಗೆ ಇಷ್ಟುದ್ದ ಚಾಚಿಕೊಂಡಿದ್ದ ಆ ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿದು ಗುರಿಯಿಡುವುದು ಕಷ್ಟವಿತ್ತು. ಅದನ್ನು ತಯಾರಿಸಿದ್ದು ಬರ್ಲಿನ್ನಿನ ಲುಡ್ವಿಗ್ ಲೋವೆ ಕಂಪನಿ. ಆ ಕಂಪನಿಯ ಹಿಡಿತದಲ್ಲೇ ಇನ್ನೊಂದು ಕಾರ್ಖಾನೆಯಿತ್ತು. ನಮ್ಮ ಕತೆ ಇರುವುದು ಅಲ್ಲಿ.

ಊರು ಓಬರ್ನ್‌ಡಾರ್ಫ್. ಕಪ್ಪುಕಾಡಿನ ಮಗ್ಗುಲಲ್ಲಿ, ನೆಕರ್ ನದಿಯ ದಡದಲ್ಲಿರುವ ಪುಟ್ಟ ಪಟ್ಟಣ. ಕ್ರೈಸ್ತ ಸನ್ಯಾಸಿಗಳ ಮಠವೊಂದನ್ನು 1811ರಲ್ಲಿ ವುರ್ಟೆಂಬರ್ಗಿನ ರಾಜ ಕೋವಿ ಕಾರ್ಖಾನೆಯಾಗಿ ಬದಲಾಯಿಸಿದ್ದ. ಪ್ರಾರ್ಥನೆಯ ಜಾಗದಲ್ಲಿ ಕೋವಿ! ಆ ಕಾರ್ಖಾನೆಯ ಕೆಲಸಗಾರನೊಬ್ಬನ 13 ಮಕ್ಕಳಲ್ಲಿ ಕಿರಿಯವನು ಪೀಟರ್ ಪಾಲ್ ಮೌಸರ್, ಹುಟ್ಟಿದ್ದು 1838ರಲ್ಲಿ. ಅಣ್ಣ ವಿಲ್ಹೆಲ್ಮನ ಜೊತೆ ಸೇರಿ ಅವನು ಮಾಡಿದ ರೈಫಲ್ಲುಗಳು ಜಗತ್ತಿನ ಅರ್ಧ ಸೈನ್ಯಗಳ ಭುಜವೇರಿದವು. 1890ರ ದಶಕದಲ್ಲಿ ಪಾಲ್ ಮೌಸರ್ ದೊಡ್ಡ ಹೆಸರು. ಅವನಿಗೆ ಬೇಕಾಗಿದ್ದು ರೈಫಲ್ಲು. ಪಿಸ್ತೂಲಿನ ಮೇಲೆ ಅವನಿಗೆ ಅಂಥ ಮೋಹವೇನೂ ಇರಲಿಲ್ಲ.

ಮೋಹವಿದ್ದದ್ದು ಅವನ ಕಾರ್ಖಾನೆಯ ಮೂವರಿಗೆ: ಫಿಡೆಲ್, ಫ್ರೀಡ್ರಿಶ್ ಮತ್ತು ಯೋಸೆಫ್ ಫೀಡರ್ಲೆ. ಒಡಹುಟ್ಟಿದವರು. ಫಿಡೆಲ್ ಹೊಸ ಮಾದರಿಗಳನ್ನು ಪರೀಕ್ಷಿಸುವ ಕಮ್ಮಟದ ಮೇಲ್ವಿಚಾರಕ. ದಿನದ ಕೆಲಸ ಮುಗಿಸಿ, ಬಿಡುವಿನಲ್ಲಿ ಇವರು ಪಿಸ್ತೂಲಿನ ಹಿಂದೆ ಬಿದ್ದರು ಎನ್ನುತ್ತಾರೆ. ಮಾಲಿಕನಿಗೆ ಮೊದಲಿಗೆ ಇದು ಅಷ್ಟೇನೂ ಹಿಡಿಸಿರಲಿಲ್ಲವಂತೆ. ಆದರೆ 1895ರ ಮಾರ್ಚ್ 15ಕ್ಕೆ ಮೊದಲ ಮಾದರಿ ಸಿದ್ಧವಾಗಿತ್ತು. ಅದೇ ವರ್ಷದ ಡಿಸೆಂಬರ್ 11ರಂದು ಪೇಟೆಂಟಿಗೆ ಅರ್ಜಿಯೂ ಹೋಯಿತು. ಯಾರ ಹೆಸರಿನಲ್ಲಿ? ಪಾಲ್ ಮೌಸರ್ ಹೆಸರಿನಲ್ಲಿ! ಆ ಕಾಲದಲ್ಲಿ ಇದು ರೂಢಿ, ಕಾನೂನಿಗೆ ತಪ್ಪೂ ಅಲ್ಲ. ಆದರೂ ಓದುವಾಗ ಹೊಟ್ಟೆ ಚುರ್ ಎನ್ನುತ್ತದೆ.

ಈಗ ಒಳಗೆ ಇಳಿಯೋಣ. ಟ್ರಿಗರ್ ಎಳೆದ ಕ್ಷಣದಿಂದ ಒಂದೊಂದೇ ಹೆಜ್ಜೆ ನೋಡೋಣ. ಒಂದು ಎಚ್ಚರ: ನೀವು ಓದಿ ಮುಗಿಸಲು ನಿಮಿಷಗಳು ಬೇಕು, ಪಿಸ್ತೂಲಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ.

ತೋಟಾ ಸಿಡಿಯುತ್ತದೆ. ಸುಮಾರು ಐದೂವರೆ ಗ್ರಾಂ ತೂಕದ ಗುಂಡು ನಳಿಗೆಯಲ್ಲಿ ಮುನ್ನುಗ್ಗುತ್ತದೆ. ನಳಿಗೆಯ ಉದ್ದ 140 ಮಿಲಿಮೀಟರ್, ಅಂದರೆ ಒಂದು ಗೇಣೂ ಇಲ್ಲ. ಅಷ್ಟರಲ್ಲೇ ಅದರ ವೇಗ ಸೆಕೆಂಡಿಗೆ 430 ಮೀಟರಿನ ಆಸುಪಾಸು ಮುಟ್ಟುತ್ತದೆ. ಶಬ್ದಕ್ಕಿಂತ ಜೋರು! 1935ರಲ್ಲಿ ಅಮೆರಿಕದ .357 ಮ್ಯಾಗ್ನಮ್ ಬರುವ ತನಕ, ಅಂದರೆ ಸುಮಾರು 40 ವರ್ಷ, ಅಂಗಡಿಯಲ್ಲಿ ಕೊಳ್ಳಬಹುದಾದ ಕೈಬಂದೂಕುಗಳಲ್ಲಿ ಇದರ ಗುಂಡಿನ ವೇಗವನ್ನು ಮೀರಿಸಿದ್ದು ಇರಲಿಲ್ಲ. ಅಂದಹಾಗೆ ಈ 7.63 ಮಿಲಿಮೀಟರಿನ ತೋಟಾ ಬೋರ್ಖಾರ್ಟನ ತೋಟಾದ ಮಗನೇ. ಅಳತೆ ಹೆಚ್ಚುಕಡಿಮೆ ಅದೇ, ಮದ್ದಿನ ಬಲ ಮಾತ್ರ ಹೆಚ್ಚು.

ತೊಂದರೆ ಇರುವುದು ಇಲ್ಲಿ. ಗುಂಡು ನಳಿಗೆಯಲ್ಲಿರುವಾಗ ಒಳಗಿನ ಅನಿಲದ ಒತ್ತಡ ಭಯಂಕರ. ಆ ಹೊತ್ತಿನಲ್ಲಿ ಹಿಂಬದಿಯ ಬಾಯಿ ತೆರೆದುಕೊಂಡರೆ ಹಿತ್ತಾಳೆಯ ಕೊಳವೆ ಹರಿದು, ಬೆಂಕಿ ಹಿಂದಕ್ಕೆ, ಹಾರಿಸಿದವನ ಮುಖಕ್ಕೇ ಬಡಿಯುತ್ತದೆ. ಹಾಗಾಗಿ ಮುಚ್ಚಿರಬೇಕು. ಆದರೆ ಗುಂಡು ಹೊರಬಿದ್ದ ಮರುಕ್ಷಣ ತಾನಾಗಿಯೇ ತೆರೆದುಕೊಳ್ಳಬೇಕು, ಖಾಲಿ ಕೊಳವೆ ಎಸೆಯಬೇಕು, ಹೊಸ ತೋಟಾ ಎಳೆದುಕೊಳ್ಳಬೇಕು, ಮತ್ತೆ ಮುಚ್ಚಿ ಬೀಗ ಹಾಕಿಕೊಳ್ಳಬೇಕು. ಗುಂಡು ನಳಿಗೆಯೊಳಗೆ ಇರುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ ಹೊತ್ತು. ಅಷ್ಟು ನಾಜೂಕಿನ ಲೆಕ್ಕವನ್ನು ಉಕ್ಕಿನ ತುಂಡುಗಳಿಗೆ ಕಲಿಸುವುದು ಹೇಗೆ?

ಫೀಡರ್ಲೆಗಳ ಉತ್ತರ ನೋಡಿ. ನಳಿಗೆಯ ಹಿಂದೆ, ಅದರದ್ದೇ ಉಕ್ಕಿನಲ್ಲಿ ಮುಂದುವರಿದ ಉದ್ದನೆಯ ತೊಟ್ಟಿಲು. ಆ ತೊಟ್ಟಿಲೊಳಗೆ ಹಿಂದೆಮುಂದೆ ಜಾರುವ ಚೌಕನೆಯ ಬೋಲ್ಟು. ತೋಟಾದ ಬೆನ್ನಿಗೆ ಒತ್ತಿ ನಿಲ್ಲುವುದು ಇದೇ. ಬೋಲ್ಟಿನ ಕೆಳಹೊಟ್ಟೆಯಲ್ಲಿ ತೋಡು ಕೊರೆದಿದೆ. ಅದಕ್ಕೆ ಸರಿಯಾಗಿ, ತೊಟ್ಟಿಲ ಅಡಿಗೆ ತೂಗುಬಿದ್ದ ಗಟ್ಟಿ ಉಕ್ಕಿನ ತುಂಡೊಂದರ ಹಲ್ಲು ಮೇಲೆದ್ದು ಆ ತೋಡಿನಲ್ಲಿ ಕೂರುತ್ತದೆ. ಹಳೆ ಮನೆಯ ಬಾಗಿಲ ಹಿಂದೆ ಅಗುಳಿ ಬಿದ್ದ ಹಾಗೆ, ಈಗ ಬೋಲ್ಟನ್ನು ಯಾರೂ ಹಿಂದಕ್ಕೆ ತಳ್ಳಲಾರರು. ಆ ಹಲ್ಲಿನ ತುಂಡು ಕೆಳಗೆ ಬೀಳದಂತೆ ತಡೆದಿರುವುದು ಏನು? ಅದರ ಅಡಿಯಲ್ಲಿರುವ ಚೌಕಟ್ಟಿನ ಒಂದು ಮೆಟ್ಟಿಲು.

ಒದೆ ಬಂತು! ನಳಿಗೆ, ತೊಟ್ಟಿಲು, ಬೋಲ್ಟು, ಹಲ್ಲಿನ ತುಂಡು ನಾಲ್ಕೂ ಒಟ್ಟಾಗಿ, ಬೀಗ ಬಿದ್ದ ಸ್ಥಿತಿಯಲ್ಲೇ, ಕೆಲವೇ ಮಿಲಿಮೀಟರ್ ಹಿಂದಕ್ಕೆ ಸರಿಯುತ್ತವೆ. ಆ ಕೆಲವು ಮಿಲಿಮೀಟರುಗಳ ಪ್ರಯಾಣ ಮುಗಿಯುವುದರೊಳಗೆ ಗುಂಡು ನಳಿಗೆ ಬಿಟ್ಟು ಹೋಗಿದೆ, ಒತ್ತಡ ಇಳಿದಿದೆ. ಸರಿಯಾಗಿ ಆಗ ಹಲ್ಲಿನ ತುಂಡಿನ ಕಾಲ ಕೆಳಗಿನ ಮೆಟ್ಟಿಲು ಮುಗಿಯುತ್ತದೆ. ತುಂಡು ಕೆಳಗೆ ವಾಲುತ್ತದೆ, ಹಲ್ಲು ತೋಡಿನಿಂದ ಜಾರುತ್ತದೆ, ಬೋಲ್ಟು ಬಿಡುಗಡೆ! ಈಗ ಅದೊಂದೇ ಹಿಂದಕ್ಕೆ ಹಾರುತ್ತದೆ, ಖಾಲಿ ಕೊಳವೆಯನ್ನು ಕಚ್ಚಿ ಎಳೆದು ಮೇಲಕ್ಕೆ ಚಿಮ್ಮಿಸುತ್ತದೆ, ಹಿಂದಿನ ಸುತ್ತಿಗೆಯನ್ನು ತಳ್ಳಿ ಎಬ್ಬಿಸುತ್ತದೆ. ಬೋಲ್ಟಿನ ಹೊಟ್ಟೆಯೊಳಗೇ ಇರುವ ಸ್ಪ್ರಿಂಗು ಅದನ್ನು ಮುಂದಕ್ಕೆ ದೂಡುತ್ತದೆ. ಹೋಗುವ ದಾರಿಯಲ್ಲಿ ಪೆಟ್ಟಿಗೆಯ ಮೇಲುತುದಿಯ ತೋಟಾವನ್ನು ನೂಕಿಕೊಂಡು ಹೋಗಿ ನಳಿಗೆಗೆ ಸೇರಿಸುತ್ತದೆ. ಎಲ್ಲ ಒಟ್ಟಿಗೆ ಮುಂದೆ ಸರಿಯುವಾಗ ಹಲ್ಲಿನ ತುಂಡು ಮತ್ತೆ ಮೆಟ್ಟಿಲು ಹತ್ತಿ ಬೀಗ ಬೀಳುತ್ತದೆ.

ನನ್ನನ್ನು ಮಾತು ನಿಲ್ಲಿಸುವಂತೆ ಮಾಡಿದ್ದು ಇನ್ನೊಂದು ಸಣ್ಣ ವಿಷಯ. ಸುತ್ತಿಗೆಯನ್ನು ಹೊಡೆಯುವ ಸ್ಪ್ರಿಂಗು ಇದೆಯಲ್ಲ, ಅದರ ಹಿಂತುದಿ ಸುತ್ತಿಗೆಗೆ ಬಲ ಕೊಡುತ್ತದೆ. ಮುಂತುದಿ ಸುಮ್ಮನಿರುತ್ತದೆಯೆ? ಇಲ್ಲ! ಅದು ಹಿಂದೆ ಸರಿದ ನಳಿಗೆಯನ್ನು ಮುಂದಕ್ಕೆ ತಳ್ಳುವ ಕೆಲಸ ಮಾಡುತ್ತದೆ. ಒಂದೇ ಸ್ಪ್ರಿಂಗಿಗೆ ಎರಡೂ ತುದಿಯಲ್ಲಿ ಉದ್ಯೋಗ. ಇಂಥ ಜಿಪುಣತನಕ್ಕೆ ಕೈ ಮುಗಿಯಬೇಕು.

ಹತ್ತನೇ ಗುಂಡು ಹಾರಿದ ಮೇಲೆ ಬೋಲ್ಟು ತೆರೆದೇ ನಿಲ್ಲುತ್ತದೆ, 'ಖಾಲಿಯಾಯಿತು, ತುಂಬು' ಎನ್ನುತ್ತದೆ. ತಗಡಿನ ಪಟ್ಟಿಯಲ್ಲಿ ಸಾಲಾಗಿ ಸಿಕ್ಕಿಸಿದ ಹತ್ತು ತೋಟಾಗಳನ್ನು ಮೇಲಿನಿಂದ ಹೆಬ್ಬೆರಳಲ್ಲಿ ಒಂದೇ ಸಲ ಒತ್ತಿದರೆ ಎಲ್ಲ ಪೆಟ್ಟಿಗೆಗೆ ಇಳಿಯುತ್ತವೆ. ಪಟ್ಟಿ ಕಿತ್ತರೆ ಬೋಲ್ಟು ಖಟ್ಟನೆ ಮುಚ್ಚಿಕೊಳ್ಳುತ್ತದೆ. ಅದೇ ಕಾಲದ ರಿವಾಲ್ವರು ಹಿಡಿದವನು ಆರು ತೋಟಾಗಳನ್ನು ಒಂದೊಂದಾಗಿ ಎಣಿಸಿ ತುಂಬುವಷ್ಟರಲ್ಲಿ ಮೌಸರಿನವನು ಮತ್ತೆ ಹತ್ತು ಹಾರಿಸಿ ಮುಗಿಸಿರುತ್ತಿದ್ದ.

ಇನ್ನು ಇದರ ಒರೆ. ಮರದ್ದು, ಒಳಗೆ ಪೊಳ್ಳು. ಪಿಸ್ತೂಲನ್ನು ಅದರೊಳಗಿಟ್ಟು ಸೊಂಟಕ್ಕೆ ತೂಗುಹಾಕಿಕೊಳ್ಳಬಹುದು. ಬೇಕೆನಿಸಿದಾಗ ಅದೇ ಒರೆಯನ್ನು ಹಿಡಿಯ ಹಿಂದಿನ ತೋಡಿಗೆ ಸಿಕ್ಕಿಸಿದರೆ ಭುಜಕ್ಕೆ ಒತ್ತಿ ಹಾರಿಸುವ ಪುಟ್ಟ ರೈಫಲ್ಲು! ಗುರಿ ನೋಡುವ ಪಟ್ಟಿಯ ಮೇಲೆ 1000 ಮೀಟರಿನವರೆಗೆ ಗುರುತು ಕೆತ್ತಿದ್ದಾರೆ. ಒಂದು ಕಿಲೋಮೀಟರ್! ಅಷ್ಟು ದೂರದ ಮನುಷ್ಯ ಕಣ್ಣಿಗೆ ಚುಕ್ಕೆಯಾಗಿಯೂ ಸರಿಯಾಗಿ ಕಾಣುವುದಿಲ್ಲ, ಪಿಸ್ತೂಲಿನಿಂದ ಹೊಡೆಯುವುದಂತೂ ದೂರದ ಮಾತು. ಕಾರ್ಖಾನೆಯವರ ಈ ಧೈರ್ಯಕ್ಕೆ ನಗಬೇಕೋ ಮೆಚ್ಚಬೇಕೋ ಗೊತ್ತಾಗುವುದಿಲ್ಲ.

1896ರ ಆಗಸ್ಟ್ 20ರಂದು ಪಾಟ್ಸ್‌ಡ್ಯಾಮ್ ಬಳಿಯ ಕಥರಿನೆನ್‌ಹೋಲ್ಟ್ಸ್ ಮೈದಾನದಲ್ಲಿ ಜರ್ಮನಿಯ ಚಕ್ರವರ್ತಿ ಎರಡನೇ ವಿಲ್ಹೆಲ್ಮನ ಮುಂದೆ ಪ್ರದರ್ಶನ ನಡೆಯಿತು. ಆದರೆ ಅವನ ಸೈನ್ಯ ಮಾತ್ರ ಇದನ್ನು ಕೊಳ್ಳಲಿಲ್ಲ. ಟರ್ಕಿಯ ಸುಲ್ತಾನನ ಅರಮನೆ ಕಾವಲಿಗೆ 1,000 ಹೋದವು, 1899ರಲ್ಲಿ ಇಟಲಿಯ ನೌಕಾಪಡೆ 5,000ಕ್ಕೆ ಬೇಡಿಕೆಯಿಟ್ಟಿತು, ಅಷ್ಟೇ. ದೊಡ್ಡ ಸೈನ್ಯ ಯಾವುದೂ ಇದನ್ನು ತನ್ನ ಅಧಿಕೃತ ಪಿಸ್ತೂಲೆಂದು ಒಪ್ಪಲಿಲ್ಲ. ಹಾಗಾದರೆ ಕೊಂಡವರು ಯಾರು? ಜೇಬಿನಲ್ಲಿ ದುಡ್ಡಿದ್ದ ಒಂಟಿ ಮನುಷ್ಯರು. ಅವರಲ್ಲೊಬ್ಬನ ಹೆಸರು ಬೆಂಗಳೂರಿಗರಿಗೆ ಚೆನ್ನಾಗಿ ಗೊತ್ತು.

1896ರ ಅಕ್ಟೋಬರ್. ನಾಲ್ಕನೇ ಹುಸಾರ್ಸ್ ಅಶ್ವದಳ ಇಂಗ್ಲೆಂಡಿನಿಂದ ಬೊಂಬಾಯಿಗೆ ಬಂದಿಳಿಯಿತು. ಸಾಸೂನ್ ಡಾಕಿನ ಮೆಟ್ಟಿಲ ಬಳಿ ದೋಣಿ ಏರಿಳಿಯುತ್ತಿತ್ತು. 21 ವರ್ಷದ ಅಧಿಕಾರಿಯೊಬ್ಬ ಗೋಡೆಯಲ್ಲಿದ್ದ ಕಬ್ಬಿಣದ ಬಳೆಗೆ ಕೈ ಹಾಕಿದ. ಅಷ್ಟರಲ್ಲಿ ದೋಣಿ ಕೆಳಗೆ ಕುಸಿಯಿತು, ಬಲಭುಜ ಕಿತ್ತುಬಂತು. ಆ ಭುಜ ಮತ್ತೆಂದೂ ಪೂರ್ತಿ ಸರಿಹೋಗಲಿಲ್ಲ. ಆ ನೋವಿನ ತೋಳು ಹೊತ್ತುಕೊಂಡು ಅವನು ಬಂದದ್ದು ಬೆಂಗಳೂರಿನ ದಂಡಿಗೆ. ಹೆಸರು ವಿನ್‌ಸ್ಟನ್ ಚರ್ಚಿಲ್. ಬೆಂಗಳೂರು ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದ ಅದೇ ಮಹಾನುಭಾವ! ಇಲ್ಲಿ ಅವನು ಗುಲಾಬಿ ಬೆಳೆಸಿದ, ಚಿಟ್ಟೆ ಹಿಡಿದ, ರಾಶಿ ಪುಸ್ತಕ ಓದಿದ, ತೋಳನ್ನು ಪಟ್ಟಿಯಿಂದ ಬಿಗಿದುಕೊಂಡು ಪೋಲೋ ಆಡಿದ. ಆದರೆ ಕತ್ತಿ ಬೀಸುವ ತೋಳು ಅದಲ್ಲ ಎಂದು ಅವನಿಗೆ ಗೊತ್ತಿತ್ತು. ಅಶ್ವದಳದ ಅಧಿಕಾರಿಗೆ ಕತ್ತಿ ಬೀಸಲಾಗದಿದ್ದರೆ ಹೇಗೆ?

1898ರಲ್ಲಿ ಸುಡಾನಿನ ಯುದ್ಧಕ್ಕೆ ಹೊರಟಾಗ ಲಂಡನ್ನಿನಲ್ಲಿ ಅವನು ಆಗಷ್ಟೇ ಬಂದಿದ್ದ ಮೌಸರ್ ಪಿಸ್ತೂಲೊಂದನ್ನು ಕೊಂಡ. ಸೆಪ್ಟೆಂಬರ್ 2ರಂದು ಓಮ್‌ಡರ್ಮನ್ ಬಯಲಿನಲ್ಲಿ 21ನೇ ಲ್ಯಾನ್ಸರ್ಸಿನ ಸುಮಾರು 400 ಸವಾರರು ನಾಗಾಲೋಟದಲ್ಲಿ ನುಗ್ಗಿದರು. ಎದುರಿಗೆ ಕೆಲವೇ ಜನ ಇದ್ದಾರೆಂದು ತಿಳಿದಿದ್ದರು. ಹತ್ತಿರ ಹೋದರೆ ಒಣಹಳ್ಳದೊಳಗೆ ಸಾವಿರಾರು ಯೋಧರು! ಸುತ್ತಲಿನವರೆಲ್ಲ ಈಟಿ, ಕತ್ತಿ ಹಿಡಿದಿರುವಾಗ ಚರ್ಚಿಲ್ ಓಡುವ ಕುದುರೆಯ ಮೇಲೆಯೇ ಕತ್ತಿಯನ್ನು ಒರೆಗೆ ಸೇರಿಸಿ, ಮರದ ಒರೆಯಿಂದ ಮೌಸರನ್ನು ಹೊರಗೆಳೆದ. ಹತ್ತು ಗುಂಡೂ ಮುಗಿಯುವ ಹೊತ್ತಿಗೆ ಆಚೆ ಬದಿಗೆ ದಾಟಿದ್ದ. ಬದುಕಿದ್ದಕ್ಕೆ ಆ ಪಿಸ್ತೂಲೂ ಒಂದು ಕಾರಣವೆಂದು 1930ರಲ್ಲಿ ಬಂದ ತನ್ನ ಬಾಲ್ಯ-ಯೌವನದ ಆತ್ಮಕತೆಯಲ್ಲಿ ಅವನೇ ಒಪ್ಪಿಕೊಂಡಿದ್ದಾನೆ. ಬೊಂಬಾಯಿಯಲ್ಲಿ ಆ ದೋಣಿ ಕುಸಿಯದೇ ಇದ್ದಿದ್ದರೆ? ಭುಜ ಗಟ್ಟಿಯಿದ್ದು ಕತ್ತಿ ಹಿಡಿದೇ ಹೋಗಿದ್ದರೆ? ಇಂಥ 'ರೆ'ಗಳಿಗೆ ಉತ್ತರವಿಲ್ಲ, ನಿಜ. ಅವನ ಆಳ್ವಿಕೆಯ ಕಾಲದ ಬಂಗಾಳದ ಬರಗಾಲ ನೆನಪಿರುವ ನಮಗೆ ಈ ಪ್ರಶ್ನೆ ಸ್ವಲ್ಪ ಬೇರೆ ಥರವೇ ಕೇಳಿಸುತ್ತದೆ, ಅದೂ ನಿಜ.

ಮರುವರ್ಷ, 1899ರ ನವೆಂಬರ್ 15ರಂದು, ದಕ್ಷಿಣ ಆಫ್ರಿಕಾದಲ್ಲಿ ಬೋಯರರು ಬ್ರಿಟಿಷರ ಕವಚ ತೊಟ್ಟ ರೈಲನ್ನು ಅಡ್ಡಗಟ್ಟಿದಾಗ ಚರ್ಚಿಲ್ ಅದರಲ್ಲಿದ್ದ. ಹಳಿ ತೆರವು ಮಾಡುವ ಗಡಿಬಿಡಿಯಲ್ಲಿ ಮೌಸರನ್ನು ಬಿಚ್ಚಿ ಎಂಜಿನ್ನಿನಲ್ಲೇ ಇಟ್ಟಿದ್ದ. ಆಮೇಲೆ ಬೋಯರ್ ಸವಾರನೊಬ್ಬ ರೈಫಲ್ಲು ಗುರಿಯಿಟ್ಟು ಎದುರು ನಿಂತಾಗ ಸೊಂಟಕ್ಕೆ ಕೈ ಹಾಕಿದರೆ ಪಿಸ್ತೂಲಿಲ್ಲ. ಕೈ ಎತ್ತಿ ಶರಣಾದ, ಉಳಿದುಕೊಂಡ. ಒಮ್ಮೆ ಇದ್ದು ಉಳಿಸಿತು, ಇನ್ನೊಮ್ಮೆ ಇಲ್ಲದೇ ಉಳಿಸಿತು!

ಇಷ್ಟು ಹೇಳಿ ನಿಲ್ಲಿಸಿದರೆ ಇದು ದೊರೆಗಳ ಆಟಿಕೆಯ ಕತೆಯಾಗುತ್ತಿತ್ತು. ಆದರೆ 1914ರಲ್ಲಿ ಕಲ್ಕತ್ತೆಯಲ್ಲಿ ನಡೆದದ್ದನ್ನು ಕೇಳಿ.

ಆರ್.ಬಿ. ರಾಡ್ಡಾ ಎಂಬ ಕೋವಿ ಅಂಗಡಿ ಅಲ್ಲಿತ್ತು. ಹಡಗಿನಲ್ಲಿ ಬಂದ ಮಾಲನ್ನು ಕಸ್ಟಮ್ಸ್ ಕಚೇರಿಯಿಂದ ಬಿಡಿಸಿಕೊಂಡು ಬರುವುದು ಶ್ರೀಶಚಂದ್ರ ಮಿತ್ರ ಎಂಬ ಗುಮಾಸ್ತನ ಕೆಲಸ. ನಂಬಿಕಸ್ಥ ಮನುಷ್ಯ. ಆಗಸ್ಟ್ 26, ಬುಧವಾರ. ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿ ಮೂರು ವಾರವಾಗಿದೆ. ಶ್ರೀಶ ಅಂದು 202 ಪೆಟ್ಟಿಗೆ ಬಿಡಿಸಿಕೊಂಡ. ಎತ್ತಿನ ಗಾಡಿಗಳು ಸಾಲಾಗಿ ಹೊರಟವು. ವ್ಯಾನ್ಸಿಟಾರ್ಟ್ ರೋ ಬೀದಿಯ ಗೋದಾಮಿಗೆ ಬಂದು ಇಳಿದದ್ದು 192 ಪೆಟ್ಟಿಗೆ. 'ಉಳಿದದ್ದು ತರುತ್ತೇನೆ' ಎಂದು ಹೇಳಿ ಹೋದ ಶ್ರೀಶ ಮತ್ತೆ ಬರಲೇ ಇಲ್ಲ.

ಕೊನೆಯ ಗಾಡಿಯ ಎತ್ತುಗಳನ್ನು ಹೊಡೆಯುತ್ತಿದ್ದವನು ಗಾಡಿಯವನೇ ಅಲ್ಲ! ಗಾಡಿಯವನ ವೇಷ ಹಾಕಿದ್ದ ಕ್ರಾಂತಿಕಾರಿ ಹರಿದಾಸ್ ದತ್ತ. ಹಾಡಹಗಲು, ಜನಜಂಗುಳಿಯ ಬೀದಿಯಲ್ಲಿ, ಒಂದೂ ಗುಂಡು ಹಾರಿಸದೆ ಆ ಗಾಡಿ ಸಾಲು ಬಿಟ್ಟು ಬೇರೆ ದಾರಿ ಹಿಡಿದಿತ್ತು. ಅಂಗಡಿಯವರು ಪೊಲೀಸರಿಗೆ ತಿಳಿಸಿದ್ದು ಮೂರು ದಿನದ ಮೇಲೆ. ಆ ಹತ್ತು ಪೆಟ್ಟಿಗೆಗಳಲ್ಲಿ ಇದ್ದದ್ದು 50 ಮೌಸರ್ ಪಿಸ್ತೂಲು, 46,000 ತೋಟಾ. ಲೆಕ್ಕ ಹಾಕಿ: ಒಂದೊಂದು ಪಿಸ್ತೂಲಿಗೆ 920!

ಮುಂದಿನದ್ದನ್ನು ಸರ್ಕಾರದ ಬಾಯಲ್ಲೇ ಕೇಳಬೇಕು. 1918ರಲ್ಲಿ ನ್ಯಾಯಮೂರ್ತಿ ರೌಲತ್ ಸಮಿತಿ ವರದಿ ಕೊಟ್ಟಿತು. ಮರುವರ್ಷ ಬಂದ ಕುಖ್ಯಾತ ರೌಲತ್ ಕಾಯಿದೆಗೆ ಬುನಾದಿಯಾದ ವರದಿ ಅದು. ಅದರ ಪ್ರಕಾರ 50ರಲ್ಲಿ 44 ಪಿಸ್ತೂಲುಗಳು ತಡಮಾಡದೆ ಬಂಗಾಳದ 9 ಕ್ರಾಂತಿಕಾರಿ ಗುಂಪುಗಳಿಗೆ ಹಂಚಿಹೋದವು, 54 ಪ್ರಕರಣಗಳಲ್ಲಿ ಬಳಕೆಯಾದವು. ಮರದ ಒರೆಯನ್ನು ಸಿಕ್ಕಿಸಿ ರೈಫಲ್ಲಿನಂತೆ ಭುಜಕ್ಕೇರಿಸಬಹುದು ಎನ್ನುವುದನ್ನೂ ಆ ವರದಿ ಆತಂಕದಿಂದ ಬರೆದಿಟ್ಟಿದೆ. ಫೀಡರ್ಲೆಗಳ ಜಾಣ ಒರೆ ದೆಹಲಿಯ ಕಡತಕ್ಕೂ ಸೇರಿತು ನೋಡಿ! ಲಾಠಿ, ನಾಡಬಾಂಬುಗಳಲ್ಲಿ ಕೈಸುಟ್ಟುಕೊಳ್ಳುತ್ತಿದ್ದ ಹುಡುಗರ ಕೈಗೆ ರಾತ್ರೋರಾತ್ರಿ ಜಗತ್ತಿನ ಅತ್ಯಂತ ವೇಗದ ಪಿಸ್ತೂಲು ಬಂದಿತ್ತು.

1915ರ ಸೆಪ್ಟೆಂಬರ್ 9. ಒಡಿಶಾದ ಬಾಲಸೋರ್ ಹತ್ತಿರ ಬಾಘಾ ಜತಿನ್ ಎಂದೇ ಹೆಸರಾದ ಜತೀಂದ್ರನಾಥ ಮುಖರ್ಜಿ ಮತ್ತು ನಾಲ್ವರು ಸಂಗಡಿಗರು ಹುತ್ತ-ಪೊದೆಯ ಮರೆಯಿಂದ ಶಸ್ತ್ರಸಜ್ಜಿತ ಪೊಲೀಸ್ ಪಡೆಯನ್ನು ಎದುರಿಸಿದರು. ಐವರ ಕೈಯಲ್ಲಿದ್ದದ್ದು ಮೌಸರ್. ಒಂದು ಗಂಟೆಗೂ ಹೆಚ್ಚು ಹೊತ್ತು ಗುಂಡಿನ ಕಾಳಗ ನಡೆಯಿತು. ಚಿತ್ತಪ್ರಿಯ ರಾಯ್ ಚೌಧುರಿ ಅಲ್ಲೇ ಬಿದ್ದರು. ಜತಿನ್ ಮರುದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಮನೋರಂಜನ ಸೇನ್‌ಗುಪ್ತ, ನೀರೇಂದ್ರ ದಾಸ್‌ಗುಪ್ತ ಇಬ್ಬರನ್ನೂ ಗಲ್ಲಿಗೇರಿಸಿದರು.

ಇನ್ನೂ ಹತ್ತು ವರ್ಷದ ಮೇಲೆ, 1925ರ ಆಗಸ್ಟ್ 9ರಂದು, ಲಖನೌ ಹತ್ತಿರದ ಕಾಕೋರಿಯಲ್ಲಿ ರಾಮಪ್ರಸಾದ್ ಬಿಸ್ಮಿಲ್ ತಂಡ ಸರ್ಕಾರಿ ಹಣವಿದ್ದ ರೈಲನ್ನು ನಿಲ್ಲಿಸಿದಾಗಲೂ ಕೈಯಲ್ಲಿ ನಾಲ್ಕು ಮೌಸರ್ ಇದ್ದವು. ಅವುಗಳಲ್ಲೊಂದು ಅಕಸ್ಮಾತ್ ಸಿಡಿದು, ಏನೂ ಅರಿಯದ ಪ್ರಯಾಣಿಕನೊಬ್ಬ ಸತ್ತ. ಯಂತ್ರದ ಚೆಲುವಿಗೆ ಮರುಳಾಗಿ ಬರೆಯುವಾಗ ಈ ಸಾವನ್ನು ಬಿಟ್ಟುಬಿಡುವುದು ಸುಲಭ. ಬಿಡಬಾರದು. ಅಷ್ಟೆಲ್ಲ ಜಾಣ್ಮೆ ಖರ್ಚಾದದ್ದು ಕೊಲ್ಲುವ ಸಲಕರಣೆಗೆ.

ಅತ್ತ ಜರ್ಮನ್ ಸೈನ್ಯ ಬೇಡವೆಂದಿದ್ದ ಪಿಸ್ತೂಲನ್ನೇ ಮಹಾಯುದ್ಧದ ನಡುವೆ ಕೇಳಿಕೊಂಡು ಬಂತು! 1,50,000ಕ್ಕೆ ಬೇಡಿಕೆ, ಅದೂ ತನ್ನ 9 ಮಿಲಿಮೀಟರ್ ತೋಟಾಕ್ಕೆ ಹೊಂದುವಂತೆ. ಹಳೆಯ ತೋಟಾ ತುಂಬಿ ಎಡವಟ್ಟಾಗದಿರಲಿ ಎಂದು ಹಿಡಿಯ ಮರದ ಮೇಲೆ ದೊಡ್ಡ '9' ಅಂಕಿ ಕೆತ್ತಿ ಕೆಂಪು ಬಣ್ಣ ತುಂಬಿದರು. ಯುದ್ಧ ಸೋತ ಮೇಲೆ ವರ್ಸೈ ಒಪ್ಪಂದದ ಕಟ್ಟಳೆಯಿಂದ ನಳಿಗೆ 99 ಮಿಲಿಮೀಟರಿಗೆ ಇಳಿಯಿತು. ಆ ಗಿಡ್ಡ ಮೌಸರುಗಳು ರಷ್ಯಾದ ಬೋಲ್ಷೆವಿಕರಿಗೆ ಅಷ್ಟು ಮಾರಾಟವಾದವೆಂದರೆ ಅವಕ್ಕೆ 'ಬೋಲೋ' ಎಂಬ ಹೆಸರೇ ಅಂಟಿತು. ಮುಂದೆ ರಷ್ಯನ್ನರು ತಮ್ಮದೇ ಟೊಕರೆವ್ ಪಿಸ್ತೂಲು ಮಾಡಿದಾಗ ಅದರ ತೋಟಾ ಕೂಡ ಮೌಸರ್ ತೋಟಾದ ಪಡಿಯಚ್ಚೇ.

ಚೀನಾದಲ್ಲಂತೂ ಇದು ಮನೆಮಾತು. ಅಲ್ಲಿನ ಹೆಸರು 'ಪೆಟ್ಟಿಗೆ ಫಿರಂಗಿ'. 1919ರ ಮೇಲೆ ವಿದೇಶಗಳು ಚೀನಾಕ್ಕೆ ಆಯುಧ ಮಾರಾಟ ನಿಲ್ಲಿಸಿದ್ದರಿಂದ ರೈಫಲ್ಲು ಸಿಗುವುದು ಕಷ್ಟವಾಯಿತು. ಭುಜಕ್ಕೇರಿಸಬಹುದಾದ ಈ ಪಿಸ್ತೂಲು ಹೇಗೋ ಬರುತ್ತಿತ್ತು. ಶಾನ್ಶಿಯ ಸೇನಾನಾಯಕ ಯಾನ್ ಶಿಶಾನ್ ತನ್ನ ತೈಯುವಾನ್ ಕಾರ್ಖಾನೆಯಲ್ಲಿ ದಪ್ಪನೆಯ .45 ತೋಟಾಕ್ಕೆ ಹೊಂದುವ ದೈತ್ಯ ಮೌಸರುಗಳನ್ನೇ ಮಾಡಿಸಿದ. 1927ರ ಆಗಸ್ಟ್ 1ರ ನಾನ್‌ಚಾಂಗ್ ದಂಗೆಯಲ್ಲಿ ಝು ಡೆ ಹಿಡಿದಿದ್ದ ಮೌಸರ್ ಬೀಜಿಂಗಿನ ಸೇನಾ ವಸ್ತುಸಂಗ್ರಹಾಲಯದಲ್ಲಿದೆ.

ಇಷ್ಟೆಲ್ಲ ಮೆರೆದ ಪಿಸ್ತೂಲಿನ ವಂಶ ಏಕೆ ಬೆಳೆಯಲಿಲ್ಲ? ಬೋರ್ಖಾರ್ಟ್ ತೋಟಾಗಳನ್ನು ಎಲ್ಲಿಟ್ಟಿದ್ದ, ನೆನಪಿದೆಯೆ? ಹಿಡಿಯೊಳಗೆ. ಗೆದ್ದದ್ದು ಆ ಉಪಾಯ. ಹಿಡಿಯೇ ತೋಟಾ ಪೆಟ್ಟಿಗೆಯಾದರೆ ಪಿಸ್ತೂಲು ಚಿಕ್ಕದಾಗುತ್ತದೆ, ಭಾರ ಅಂಗೈಯಲ್ಲೇ ಕೂರುತ್ತದೆ, ಖಾಲಿ ಪೆಟ್ಟಿಗೆ ಕಳಚಿ ತುಂಬಿದ್ದನ್ನು ತಳ್ಳಿದರೆ ಮುಗಿಯಿತು. ಗಿಯೋರ್ಗ್ ಲುಗರ್ ಆ ಜಾಡು ಹಿಡಿದು ತಿದ್ದಿದ ಪಿಸ್ತೂಲನ್ನೇ 1908ರಲ್ಲಿ ಜರ್ಮನ್ ಸೈನ್ಯ ಆರಿಸಿಕೊಂಡಿತು. ಇಂದು ನಮ್ಮ ಪೊಲೀಸರ ಸೊಂಟದಲ್ಲಿರುವ ಪಿಸ್ತೂಲೂ ಅದೇ ಜಾಡಿನದು. ಮೌಸರಿಗೆ ಇನ್ನೊಂದು ಶಾಪವೂ ಇತ್ತು: ಇಡಿ ಉಕ್ಕನ್ನು ಗಂಟೆಗಟ್ಟಲೆ ಕೊರೆದು, ಕೆರೆದು ಮಾಡಬೇಕು. ಸ್ಕ್ರೂ ಉಳಿಸಿದರು, ಕೂಲಿ ಉಳಿಯಲಿಲ್ಲ. ಆದರೂ 1930ರ ದಶಕದ ಕೊನೆಯವರೆಗೆ ಓಬರ್ನ್‌ಡಾರ್ಫಿನಿಂದ ಹೊರಬಿದ್ದವು ಸುಮಾರು ಹತ್ತು ಲಕ್ಷ. ಸ್ಪೇನ್, ಚೀನಾಗಳ ನಕಲು ಬೇರೆ.

ಕೊನೆಗೊಂದು ಹುಚ್ಚು ಸಂಗತಿ. 1977ರ 'ಸ್ಟಾರ್ ವಾರ್ಸ್' ಚಿತ್ರಕ್ಕೆ ನಾಯಕ ಹಾನ್ ಸೋಲೋನ ಕೈಗೆ ಕಿರಣ ಉಗುಳುವ ಬಂದೂಕು ಬೇಕಾಗಿತ್ತು. ಲಂಡನ್ನಿನ ಸಿನಿಮಾ ಆಯುಧಗಳ ಅಂಗಡಿಯವರು ಹಳೆಯ ಮೌಸರೊಂದನ್ನು ತೆಗೆದುಕೊಂಡು, ತಲೆಯ ಮೇಲೆ ದೂರದರ್ಶಕ ಕೂರಿಸಿ, ಮೂತಿಗೊಂದು ಕೊಳವೆ ಸಿಕ್ಕಿಸಿದರು. ಅಷ್ಟೇ! 2022ರ ಆಗಸ್ಟಿನಲ್ಲಿ ಆ ಪಿಸ್ತೂಲು ಅಮೆರಿಕದ ಹರಾಜಿನಲ್ಲಿ 10,57,500 ಡಾಲರಿಗೆ ಹೋಯಿತು. ಮುಂದಿನ ಸಲ ಆ ಸಿನಿಮಾ ನೋಡುವಾಗ ಅವನ ಮುಖ ಬಿಟ್ಟು ಕೈ ನೋಡಿ. ಟ್ರಿಗರಿನ ಮುಂದೆ ಚೌಕನೆಯ ಪೆಟ್ಟಿಗೆ, ಹಿಂದೆ ದುಂಡನೆಯ ಹಿಡಿ ಕಾಣುತ್ತದೆ. ಪಕ್ಕದಲ್ಲಿ ಕುಳಿತವರು ಏನೆಂದು ಕೇಳಿದರೆ ಮೌಸರ್ ಎನ್ನಬೇಡಿ, ಫೀಡರ್ಲೆ ಎನ್ನಿ.